ಅನಂತ ಚತುರ್ದಶಿಯ ಕಾಮೆಂಟರಿ

ಅನುಜಾ ಲೆಕ್ಕದಲ್ಲಿ ತಪ್ಪುವವಳಲ್ಲ. ಬೆಳಗಾವಿಯ ಆಟೋ ನಗರದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ಅವಳ ಉದ್ಯೋಗ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ಅವಳ ಮೇಜು ದಾಟುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಅದೇ ಶಿಸ್ತಿನಿಂದ ‘ಗೋಲ್‌ಪೆಟ್ಟಿಗೆ’ ಎಂಬ ಬ್ಲಾಗ್ ಬರೆಯುತ್ತಿದ್ದಳು. ಜಿಲ್ಲೆಯ ಏಕೈಕ ವೃತ್ತಿಪರ ಫುಟ್‌ಬಾಲ್ ತಂಡವಾದ ಮಲಪ್ರಭಾ ಎಫ್‌ಸಿ ಎಲ್ಲಿ ಆಡಿದರೂ ಅದರಲ್ಲಿ ವರದಿ ಬರುತ್ತಿತ್ತು. ತವರಿನ ಪಂದ್ಯವಾದರೆ ಮೈದಾನದಿಂದಲೇ ಫೋನಿನ ಮೂಲಕ ಕನ್ನಡದ ಕಾಮೆಂಟರಿ. ಮೊದಲು ಕೇಳುತ್ತಿದ್ದವರು ಅವಳ ತಾಯಿ ಮತ್ತು ತಾಯಿಯ ಒತ್ತಾಯಕ್ಕೆ ಅಕ್ಕಪಕ್ಕದವರು. ಈಗ ಕ್ಯಾಂಪಿನ ಬೇಕರಿಯಲ್ಲಿಯೂ ಕಾಕತಿಯ ಗ್ಯಾರೇಜಿನಲ್ಲಿಯೂ ಅವಳ ದನಿ ಕೇಳಿಬರುತ್ತಿತ್ತು.

ಅಂಥ ಅನುಜಾ ಒಂದು ತಿಥಿಯ ಲೆಕ್ಕದಲ್ಲಿ ತಪ್ಪಿದಳು.

ಜೈನರ ದಶಲಕ್ಷಣ ಪರ್ವ ಭಾದ್ರಪದದಲ್ಲಿ ಬರುತ್ತದೆ. ಪರ್ವದ ಮೊದಲ ದಿನ ಅವಳು ಬಸದಿಯಲ್ಲಿ ಮುನಿಮಹಾರಾಜರ ಎದುರು ಕೈಮುಗಿದು, ಕಡೆಯ ದಿನವಾದ ಅನಂತ ಚತುರ್ದಶಿಯಂದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮೌನವಾಗಿರುವ ನಿಯಮ ತೆಗೆದುಕೊಂಡಳು. ಋತುವಿನ ಕೊನೆಯ ಪಂದ್ಯ ಅದೇ ದಿನವಿರುವುದು ಅವಳಿಗೆ ಗೊತ್ತಿತ್ತು. ಆದರೆ ಪಂದ್ಯ ಬೆಳಗಾವಿಯಲ್ಲಿ, ದೀಪದ ಬೆಳಕಿನಲ್ಲಿ, ರಾತ್ರಿ ಏಳೂವರೆಗೆ. ಸೂರ್ಯ ಆರೂವರೆಗೆ ಮುಳುಗುತ್ತಾನೆ. ನಡುವೆ ಒಂದು ಗಂಟೆಯ ಬಿಡುವು ಧಾರಾಳವಾಯಿತು.

ಅವಳು ಮರೆತದ್ದು ಇಷ್ಟೇ: ಅದೇ ಚತುರ್ದಶಿ ಗಣಪತಿ ವಿಸರ್ಜನೆಯ ದಿನವೂ ಹೌದು. ಅಂದು ಸಂಜೆಯಿಂದ ಮರುದಿನದವರೆಗೆ ಬೆಳಗಾವಿಯ ರಸ್ತೆಗಳು ಮೆರವಣಿಗೆಯ ವಶದಲ್ಲಿರುತ್ತವೆ. ಬೇರೆಲ್ಲೋ ಕುಳಿತು ವೇಳಾಪಟ್ಟಿ ಮಾಡಿದವರಿಗೆ ಇದು ತಿಳಿಯದಿದ್ದರೆ ಕ್ಷಮಿಸಬಹುದು. ತೊಟ್ಟಿಲಿನಿಂದಲೂ ಆ ಢೋಲು ತಾಶೆ ಕೇಳಿ ಬೆಳೆದವಳಿಗೆ ಕ್ಷಮೆಯಿಲ್ಲ. ಆ ದಿನವನ್ನು ಅವಳು ತನ್ನ ಮನೆಯ ಕಿಟಕಿಯಿಂದ ಮಾತ್ರ ನೋಡಿದ್ದಳು. ಪಂದ್ಯಕ್ಕೆ ಇನ್ನೆರಡು ದಿನವಿರುವಾಗ ಪ್ರಕಟಣೆ ಬಂದಿತು. ಬಂದೋಬಸ್ತಿನ ಕಾರಣದಿಂದ ಆಟ ಖಾನಾಪುರಕ್ಕೆ ಹೋಗಿದೆ. ಮಧ್ಯಾಹ್ನ ಮೂರೂವರೆಗೆ ಆರಂಭ.

ಬೇರೆ ಪಂದ್ಯವಾಗಿದ್ದರೆ ಒಂದು ದಿನ ಬಾಯಿ ಮುಚ್ಚಿ ಕುಳಿತಿದ್ದರೆ ಮುಗಿಯುತ್ತಿತ್ತು. ಇದು ಹಾಗಲ್ಲ. ಲೀಗಿನ ಪ್ರಸಾರ ಸಂಸ್ಥೆಯು ಮುಂದಿನ ವರ್ಷದಿಂದ ಕನ್ನಡ ಕಾಮೆಂಟರಿ ಕೊಡಲು ಹೊರಟಿತ್ತು. ಅಲ್ಲಿಯ ಅಧಿಕಾರಿ ನಾಗಲಿಂಗ ‘ಗೋಲ್‌ಪೆಟ್ಟಿಗೆ’ಯನ್ನು ಕೇಳಿ ಮೆಚ್ಚಿ, ಈ ಪಂದ್ಯವನ್ನು ಪರೀಕ್ಷೆಗೆಂದು ಅವಳಿಗೆ ಕೊಟ್ಟಿದ್ದ. ಅವನು ಮೂಲತಃ ಗದಗಿನವನು, ಮಾತು ನೇರ.

“ಈ ಒಂದ್ ಮ್ಯಾಚ್ ಚಲೋ ಆತಂದ್ರ ಬರೋ ವರ್ಷ ಮಲಪ್ರಭಾದ ಎಲ್ಲಾ ಮ್ಯಾಚೂ ನಿಮ್ಮವು. ಒಂದ ನೆನಪಿಡ್ರಿ, ದನಿ ನಿಂದರಬಾರದು. ಐದು ಸೆಕೆಂಡ್ ಸುಮ್ಮನಾದ್ರ ಕೇಳಾಂವ ಬ್ಯಾರೆ ಕಡೆ ಎದ್ದು ಹೊಕ್ಕಾನ.”

ಐದು ಸೆಕೆಂಡಿಗೇ ಹೀಗೆನ್ನುವವನ ಮುಂದೆ ಅವಳು ಇಡೀ ಪಂದ್ಯ ಮೌನವಾಗಿರಬೇಕಿತ್ತು.

“ಮಹಾರಾಜ್ರ ಹಂತ್ಯಾಕ ಹೋಗಿ ಕೇಳಿಕೊ,” ಎಂದಳು ತಾಯಿ ತ್ರಿಶಲಾ. “ಅಡಚಣಿ ಹೇಳಿದ್ರ ಏನರೆ ದಾರಿ ತೋರಸ್ತಾರ.”

“ಬ್ಯಾಡವಾ. ಮಾಲು ತಪ್ಪಿತಂತ ಅಳತಿಪಟ್ಟಿ ಸಣ್ಣದು ಮಾಡಾಕ ಬರ್ತದೇನು?”

“ಹಂಗಂದ್ರ ಏನ್ ಮಾಡ್ತಿ?”

“ನಿಯಮ ಬಾಯಿಗೆ ಅಷ್ಟ. ಕೈ ಖಾಲಿನ ಅದಾವ. ನಾ ಬರೀತೀನಿ, ಯಾರರೆ ಓದಲಿ.”

“ಯಾರು? ನನ್ನ ಕೂಡ್ರಸಬ್ಯಾಡ ಮತ್ತ. ನನಗ ಎರಡೂ ಕಡೆಯವ್ರು ಪಾಪ ಅನಸ್ತಾರ.”

ಅನುಜಾ ನಾಗಲಿಂಗನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅವನು, ದನಿ ಯಾರದಾದರೂ ಆಗಲಿ, ದಿನ ಮಾತ್ರ ಬದಲಾಗದು ಎಂದ. ಆ ಮೇಲೆ ಅವಳ ತಲೆಯಲ್ಲಿ ಒಂದೇ ದನಿ ಉಳಿಯಿತು. ಅದು ಅವಳಿಗೆ ಪ್ರಿಯವಾದ ದನಿಯಲ್ಲ.

ಖಾನಾಪುರದಲ್ಲಿ ಹಂಚಿನ ವ್ಯಾಪಾರ ನಡೆಸುವ ಸಂಗವ್ವ, ‘ಗೋಲ್‌ಪೆಟ್ಟಿಗೆ’ಯ ಪ್ರತಿ ವರದಿಗೂ ತಪ್ಪದೆ ಒಂದು ಧ್ವನಿಸಂದೇಶ ಕಳಿಸುತ್ತಿದ್ದಳು. ಅದರಲ್ಲಿ ಮೆಚ್ಚುಗೆ ಎಂದೂ ಇರುತ್ತಿರಲಿಲ್ಲ. “ಓದಿದೆ ತಂಗಿ. ಆಟ ನೋಡಿ ಬರದೀಯೋ, ಭೂಗೋಳದ ಪುಸ್ತಕ ನೋಡಿ ಬರದೀಯೋ? ಬಾಲ್ ಎಲ್ಲಿಂದ ಎಲ್ಲಿಗೆ ಹೋತು ಅಂತ ಹೇಳೀದಿ. ಗೋಲ್ ಹೊಡದ ಹುಡುಗನ ಮಾರಿ ಹೆಂಗಾಗಿತ್ತು ಅದನ್ನ ಹೇಳಲಿಲ್ಲ.” ಅನುಜಾ ಇವನ್ನು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು, ಆದರೆ ಕೊನೆಯವರೆಗೆ ಕೇಳುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಅಕ್ಕಾರ, ನಾ ಗೋಲ್‌ಪೆಟ್ಟಿಗಿ ಅನುಜಾ.”

“ಏನವಾ, ಬೈಯಾಕ ಫೋನ್ ಹಚ್ಚೀಯೇನು? ಬೈ. ಅಂಗಡ್ಯಾಗ ಗಿರಾಕಿ ಇಲ್ಲ, ಕೇಳ್ತೀನಿ.”

“ಇಲ್ರಿ. ನಿಮ್ಮ ದನಿ ಬೇಡಾಕ ಹಚ್ಚೀನಿ.”

ಎಲ್ಲವನ್ನೂ ಕೇಳಿ ಸಂಗವ್ವ ನಕ್ಕಳು. “ವರ್ಷಾನುಗಟ್ಲೆ ಈಕಿ ಒಂದ್ ದಿನಾ ಸುಮ್ಮನಾಗಲೆಪ್ಪಾ ಅಂತ ಬೇಡ್ಕೊಂಡಿದ್ದೆ. ಬಸವಣ್ಣ ಇಷ್ಟು ಲಗೂನ ಕೇಳ್ತಾನ ಅಂತ ಗೊತ್ತಿದ್ದಿಲ್ಲ.”

“ಬರ್ತೀರಿಲ್ರಿ?”

“ಬರ್ತೀನಿ. ಆದ್ರ ಮೊದಲ ಹೇಳ್ತೀನಿ ನೋಡು. ಗೋಲ್‌ಕೀಪರ್ ಶಿವಲಿಂಗ ನಮ್ಮ ಅಕ್ಕನ ಮಗ. ಅವ ಬಾಲ್ ಬಿಟ್ಟಾ ಅಂದ್ರ ಮೈಕಿನ್ಯಾಗ ಬೈತೀನಿ.”

“ಬೈರಿ ಅಕ್ಕಾರ. ಸುಮ್ಮನ ಮಾತ್ರ ಆಗಬ್ಯಾಡ್ರಿ.”

ಚತುರ್ದಶಿಯ ದಿನ ಅನುಜಾ ಪೂಜೆ ಮುಗಿಸಿ, ಒಂದೇ ಹೊತ್ತಿನ ಊಟ ಮಾಡಿ, ಪಾಟಿ ಬಳಪ ಹಿಡಿದು ಬಸ್ಸು ಹತ್ತಿದಳು. ಪಾಟಿಯ ಮೇಲೆ ‘ಖಾನಾಪುರ’ ಎಂದು ಬರೆದು ತೋರಿಸಿದಾಗ ಕಂಡಕ್ಟರು ಅವಳನ್ನು ಕಿವುಡಿಯೆಂದು ತಿಳಿದು, ಊರಿನ ಹೆಸರನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಕಿವಿಯ ಬಳಿ ಕೂಗಿ, ಹೆಂಗಸರ ಉಚಿತ ಟಿಕೆಟು ಹರಿದುಕೊಟ್ಟ. ಎರಡು ಭಾಷೆಗಳಲ್ಲಿಯೂ ಊರಿನ ಹೆಸರು ಒಂದೇ ಆದುದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಖಾನಾಪುರದ ಮೈದಾನ ಹೊಳೆಯ ದಂಡೆಯಲ್ಲಿತ್ತು. ಮಳೆಗಾಲದ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಜನರೂ ಅಷ್ಟೇ ತುಂಬಿದ್ದರು. ಎದುರಾಳಿ ಗೋವೆಯ ಮಾಂಡವಿ ಸ್ಪೋರ್ಟಿಂಗ್. ಗೆದ್ದರೆ ಮಲಪ್ರಭಾ ಮೇಲಿನ ದರ್ಜೆಗೆ ಹೋಗುತ್ತದೆ, ಸಮವಾದರೆ ಮಾಂಡವಿ ಹೋಗುತ್ತದೆ. ತಗಡಿನ ಚಪ್ಪರದ ಕೆಳಗೆ ಮೇಜು, ಮೈಕು. ಸಂಗವ್ವ ಸೀರೆಯ ಮೇಲೆಯೇ ತಂಡದ ನೀಲಿ ಅಂಗಿ ತೊಟ್ಟು, ಸೆರಗನ್ನು ತಲೆಗೆ ಸುತ್ತಿ ಆಗಲೇ ಕುಳಿತಿದ್ದಳು.

ಸೀಟಿ ಮೊಳಗಿತು. ಅನುಜಾ ಬರೆದಳು: ‘ಮಲಪ್ರಭಾದ ಎಡಬದಿಯ ಆಟಗಾರ ತನ್ನ ಅರ್ಧದಿಂದ ಚೆಂಡನ್ನು ನಿಧಾನವಾಗಿ’. ಸಂಗವ್ವ ಓದತೊಡಗಿದಳು. ಅವಳು ‘ನಿಧಾನವಾಗಿ’ ಎನ್ನುವಷ್ಟರಲ್ಲಿ ಚೆಂಡು ಮೂವರ ಕಾಲು ದಾಟಿ ಮಾಂಡವಿಯವರ ವಶವಾಗಿತ್ತು. ಅನುಜಾ ಒರೆಸಿ ಮತ್ತೆ ಬರೆದಳು. ಆಟ ಮತ್ತೆ ಮುಂದೆ ಓಡಿತು. ಸಂಗವ್ವ ಪಾಟಿಯ ಮೇಲೆ ಅಂಗೈ ಇಟ್ಟಳು.

“ತಂಗಿ, ಇದು ಲಗ್ನಪತ್ರಿಕಿ ಆತು. ಯಾರಿಂದ ಯಾರಿಗೆ, ಅಷ್ಟ ಬರಿ. ಉಳಿದದ್ದು ನನಗ ಬಿಡು.”

ಮೈಕು ಇದನ್ನೂ ನಾಡಿಗೆಲ್ಲ ಕೇಳಿಸಿತು. ಅನುಜಾಳ ಮುಖ ಕೆಂಪೇರಿತು. ಆದರೆ ಮರುಗಳಿಗೆಯಲ್ಲಿ ಅವಳು ಅಂಗಿಗಳ ಅಂಕಿಗಳನ್ನು ಮಾತ್ರ ಬರೆದಳು: ಆರು, ಹನ್ನೊಂದು, ಒಂಬತ್ತು. ಸಂಗವ್ವ ಆ ಮೂರಂಕಿಗೆ ಜೀವ ತುಂಬಿದಳು.

“ಆರನೇದಾಂವ ಕೊಟ್ಟಾ. ಹನ್ನೊಂದ್ನೇದಾಂವ ತಗೊಂಡು ಹೊಂಟಾನ ನೋಡ್ರಿ, ಲಗ್ನದ ಮನ್ಯಾಗ ಹೋಳಿಗಿ ಕದ್ದ ಹುಡುಗ ಹೊಂಟಂಗ. ಒಂಬತ್ತನೇದಾಂವ ನಮ್ಮ ಅಮರ ಮುಂದ ನಿಂತಾನ, ಕೊಡೋ ಅವಗ, ಕೊಡೋ. ಕೊಟ್ಟಾ. ಅಮರ ಹೊಡದಾ. ಗೋಲ್ ಆತ್ರಿ, ಗೋಲ್ ಆತು.”

ಅನುಜಾ ಆಗಲೇ ಪಾಟಿ ತಿರುಗಿಸಿ ಹಿಡಿದಿದ್ದಳು: ‘ಆಫ್‌ಸೈಡ್’.

“ತಡ್ರಿ. ಬಾಜೂಕ ಕುಂತ ನಮ್ಮ ಅನುಜಾ ಪಾಟಿ ತೋರಸಾಕತ್ಯಾಳ. ಆಫ್‌ಸೈಡ್ ಅಂತ. ನನಗೇನು ಒಪ್ಪಿಗಿಲ್ಲ. ಆದ್ರ ಬಾವುಟ ಹಿಡದಾಂವನೂ ಆಕಿ ಕಡೇನ ಆಗ್ಯಾನ.”

ಮೇಜಿನ ಮೇಲಿನ ಫೋನಿನಲ್ಲಿ ಕೇಳುಗರ ಸಾಲುಗಳು ಏರತೊಡಗಿದವು. ‘ಯಾರೀ ಅಕ್ಕ?’ ‘ಸುಮ್ಮನೆ ಕುಳಿತವರನ್ನು ಕೇಳಿ, ಪೆನಾಲ್ಟಿ ಇತ್ತೇ?’ ‘ಪಾಟಿ ಏನು ಹೇಳುತ್ತದೆ?’ ಬರೆಯುವ ಕೈಗೂ ಆಡುವ ಬಾಯಿಗೂ ನಡುವಿನ ಅಂತರ ಕಡಿಮೆಯಾಗುತ್ತ ಹೋಯಿತು. ಬಳಪ ಎತ್ತುವ ಮೊದಲೇ ಸಂಗವ್ವ ಅವಳ ಕಣ್ಣು ಹೋದ ಕಡೆ ನೋಡಿ ಮಾತು ಹೊರಡಿಸುತ್ತಿದ್ದಳು. ಇಷ್ಟು ವರ್ಷ ಆಟವನ್ನು ಅಳೆದವಳಿಗೆ ಅದರೊಳಗೆ ಓಡುತ್ತಿರುವಂತೆ ಅನಿಸಿದ್ದು ಅಂದೇ ಮೊದಲು.

ಎರಡನೆಯ ಅವಧಿಯಲ್ಲಿ ಅವಳು ಒಂದು ಸಂಗತಿ ಗಮನಿಸಿದಳು. ಮಾಂಡವಿಯ ಬಲಬದಿಯ ರಕ್ಷಕ ಪ್ರತಿ ದಾಳಿಗೂ ಮುಂದೆ ಓಡಿ, ಹಿಂತಿರುಗಲು ತಡಮಾಡುತ್ತಿದ್ದ. ‘ನಮ್ಮ ಎಡಗಡೆ ಖಾಲಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

“ಪಾಟಿ ಹೇಳಾಕತ್ತೈತಿ, ಎಡಕ್ಕ ಬಾಗಲಾ ತಗದೈತಿ ಅಂತ. ಯಾರರೆ ಹೋಗ್ರೋ. ತಗದ ಬಾಗಲದಾಗ ಹೋಗಾಕ ನಾಚಿಕಿ ಯಾಕ?”

ಹನ್ನೊಂದನೆಯ ಅಂಗಿ ಅಲ್ಲಿಯೇ ನುಗ್ಗಿತು. ಚೆಂಡು ಅಡ್ಡಲಾಗಿ ಬಂದಿತು. ಅಮರ ಮಣ್ಣಿನಲ್ಲಿ ಜಾರುತ್ತಲೇ ಕಾಲು ಚಾಚಿದ. ಬಲೆ ಉಬ್ಬಿತು. ಅನುಜಾ ಮೊದಲು ಬಾವುಟದವನ ಕಡೆ ನೋಡಿದಳು, ಬಾವುಟ ಕೆಳಗಿತ್ತು. ಅವಳು ಎದ್ದು ನಿಂತು ಪಾಟಿಯನ್ನು ಎರಡೂ ಕೈಯಿಂದ ಎತ್ತಿಹಿಡಿದಳು. ಅದರಲ್ಲಿ ಒಂದಂಕಿ ಮಾತ್ರವಿತ್ತು.

“ಪಾಟಿ ಮ್ಯಾಲ ಒಂದು ಅಂತ ಬರದಾಳ್ರಿ,” ಸಂಗವ್ವ ಕೂಗಿದಳು. “ಈಗ ಖರೇ ಗೋಲು. ಅಮರನ ಮಾರಿ ಕೆಸರಾಗಿ ಹಲ್ಲಷ್ಟ ಕಾಣಾಕತ್ತಾವ. ಗೋವಾದವ್ರ, ಹೊಳಿ ನೀರು ಕೊಡಾಕ ಒಲ್ಲೆ ಅಂದ್ರಿ, ಗೋಲರೆ ಕೊಟ್ರಲ್ಲ, ನಿಮ್ಮ ಹೊಟ್ಟಿ ತಣ್ಣಗಿರಲಿ.”

ಆಟ ಮುಗಿಯುವ ಹಂತಕ್ಕೆ ಬಂದಾಗ ಮಳೆ ಹಿಡಿಯಿತು. ಕೊನೆಯ ನಿಮಿಷದಲ್ಲಿ ಗೋಲಿನ ಮುಂದೆ ಗುಂಪುಗೂಡಿದವರ ನಡುವೆ ಚೆಂಡು ಮಲಪ್ರಭಾದ ರಕ್ಷಕನೊಬ್ಬನ ಕೈಗೆ ಬಡಿಯಿತು. ರೆಫರಿ ಪೆನಾಲ್ಟಿ ಗುರುತಿನ ಕಡೆ ಬೆರಳು ಮಾಡಿದ.

“ದೇವರು ಕೈ ಕೊಟ್ಟಿದ್ದು ಉಣ್ಣಾಕೋ,” ಎಂದಳು ಸಂಗವ್ವ. “ಎಲ್ಲಾ ಬಿಟ್ಟು ಇಲ್ಲಿ ಚಾಚಾಕಲ್ಲ. ಈಗ ಏನಿದ್ರೂ ಶಿವಲಿಂಗ. ಒಬ್ಬಾಂವ ನಿಂತಾನ ನನ್ನ ಕೂಸು.”

ಅಷ್ಟು ಹೇಳಿ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡು ತಲೆಯನ್ನು ಮೇಜಿನ ಮೇಲೆ ಇಟ್ಟಳು. ಅನುಜಾ ಅವಳ ಭುಜ ಅಲುಗಿಸಿದಳು. ಸಂಗವ್ವ ಸೆರಗಿನೊಳಗಿನಿಂದಲೇ ಕೈಯಾಡಿಸಿ ಬೇಡವೆಂದಳು. ಮೈಕಿನ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ನಾಗಲಿಂಗ ಹೇಳಿದ ಐದು ಸೆಕೆಂಡು ಆಗಲೇ ಓಡುತ್ತಿದ್ದವು.

ಮಾತು ಅನುಜಾಳ ಹಲ್ಲಿನ ತನಕ ಬಂದಿತು. ಮೂರೇ ಶಬ್ದ ಆಡಿದರೆ ಸಾಕಿತ್ತು. ಸೂರ್ಯ ಮೋಡದ ಹಿಂದೆ ಎಲ್ಲಿಯೋ ಇದ್ದ, ಕಾಣದಿದ್ದರೂ ಮುಳುಗಿರಲಿಲ್ಲ. ನಿಯಮಕ್ಕೆ ಬದಲಿ ಆಟಗಾರನಿಲ್ಲ. ಅವಳು ಬಾಯಿ ಬಿಗಿದುಕೊಂಡು ಮೈಕನ್ನು ಕಿತ್ತು ತೆಗೆದಳು, ತಂತಿ ಎಷ್ಟು ಉದ್ದವೋ ಅಷ್ಟು ಮುಂದೆ ಹೋಗಿ ಕಟಕಟೆಯಾಚೆ ಜನರ ಕಡೆಗೆ ತೋಳು ಚಾಚಿದಳು.

ಆ ಹೊತ್ತಿಗೆ ಜನರೂ ಮೌನವಾಗಿದ್ದರು. ತಗಡಿನ ಮೇಲೆ ಬೀಳುವ ಮಳೆ, ಹಿಂದೆ ಹೊಳೆಯ ಮೊರೆತ, ಯಾರೋ ಹುಡುಗಿ “ಶಿವಲಿಂಗಣ್ಣಾ, ಬಲಕ್ಕ” ಎಂದದ್ದು, ಯಾರೋ ಮುದುಕ “ದೇವಾ ರೇ” ಎಂದದ್ದು, ಇಷ್ಟೇ ಹೋಯಿತು ಕೇಳುಗರಿಗೆ. ಸೀಟಿ. ಕೆಸರಿನಲ್ಲಿ ನಾಲ್ಕು ಹೆಜ್ಜೆ. ಚೆಂಡಿಗೆ ಕಾಲು ತಾಗಿದ ಸದ್ದು. ಮರುಕ್ಷಣ ಅದೇ ಚೆಂಡಿಗೆ ಕೈ ತಾಗಿದ ಸದ್ದು.

ಆಮೇಲೆ ಇಡೀ ಖಾನಾಪುರ ಬಾಯಿಬಿಟ್ಟಿತು. ಕನ್ನಡ ಯಾವುದು, ಮರಾಠಿ ಯಾವುದು ಎಂದು ಬೇರ್ಪಡಿಸಲಾಗದ ಆ ಗರ್ಜನೆಯ ಮುಂದೆ ಯಾವ ವಿವರಣೆಯೂ ಬೇಕಿರಲಿಲ್ಲ. ಅನುಜಾ ಮೈಕನ್ನು ಇಳಿಸಲಿಲ್ಲ. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

“ಏನಾತವಾ? ಹೋತೇನು?” ಸೆರಗಿನೊಳಗಿನಿಂದ ಸಂಗವ್ವ ಕೇಳುತ್ತಿದ್ದಳು. “ಹೇಳಽ, ಏನಾತು?”

ಅನುಜಾ ಹಿಂದೆ ಓಡಿ ಸೆರಗು ಎಳೆದು, ಮೈದಾನದ ಕಡೆ ಅವಳ ಗಲ್ಲ ತಿರುಗಿಸಿದಳು. ಅಲ್ಲಿ ಶಿವಲಿಂಗ ಚೆಂಡನ್ನು ಎದೆಗೆ ಅವುಚಿಕೊಂಡು ಕೆಸರಿನಲ್ಲಿ ಮಲಗಿದ್ದ. ಅವನ ಮೇಲೆ ತಂಡವೆಲ್ಲ ಬಿದ್ದಿತ್ತು. ಸಂಗವ್ವ ಮೈಕು ಕಸಿದುಕೊಂಡಳು. “ಹಿಡದಾನ್ರಿ. ನಮ್ಮ ಶಿವ್ಯಾ ಹಿಡದಾನ. ನಾ ನೋಡಲಿಲ್ಲ, ಆದ್ರೂ ಹೇಳ್ತೀನಿ, ಇಂಥಾದ್ದು ನೀವು ಯಾರೂ ನೋಡಿಲ್ಲ.”

ಕೊನೆಯ ಸೀಟಿ ಮೊಳಗಿ, ಜನ ಮೈದಾನಕ್ಕೆ ಇಳಿದ ಹೊತ್ತಿಗೆ ನಾಗಲಿಂಗನ ಫೋನು ಬಂದಿತು. ಅನುಜಾ ಸ್ಪೀಕರ್ ಒತ್ತಿ ಅದನ್ನು ಸಂಗವ್ವನ ಕೈಗೆ ಕೊಟ್ಟಳು. ಪರೀಕ್ಷೆಯ ಫಲ ಕೇಳುವುದು ಪೆನಾಲ್ಟಿಗಿಂತ ಕಠಿಣವಾಗಿತ್ತು.

“ಪೆನಾಲ್ಟಿ ಹೊತ್ತಿನ್ಯಾಗ ಮೈಕ್ ಹೊರಗ ಹಿಡದಾವ್ರು ಯಾರ್ರಿ?”

“ನಾ ಅಲ್ರಿ, ನಾ ಸೆರಗಿನ್ಯಾಗ ಇದ್ದೆ. ಅನುಜಾ.”

“ಒಬ್ಬರೂ ಮಾತಾಡಲಿಲ್ಲ, ಒಬ್ಬರೂ ಕೇಳೂದು ಬಿಡಲಿಲ್ಲ. ನಾ ಅಂದದ್ದು ಸುಳ್ಳಾತು ನೋಡ್ರಿ. ಬರೋ ವರ್ಷದ ಮ್ಯಾಚ್ ಎಲ್ಲಾ ನಿಮ್ಮಿಬ್ಬರವು. ಆದ್ರ ಇಬ್ಬರೂ ಕೂಡೇ ಕುಂದರಬೇಕು. ಒಬ್ಬರು ಬ್ಯಾಡ. ಅನುಜಾ ಅವ್ರು ಒಪ್ತಾರೇನು ಕೇಳ್ರಿ.”

ಸಂಗವ್ವ ತಿರುಗಿ ನೋಡಿದಳು. ಅನುಜಾ ಒಂದು ಸಲವಲ್ಲ, ಜಡೆ ಬಿಚ್ಚಿಹೋಗುವಷ್ಟು ತಲೆಯಾಡಿಸಿದಳು.

“ತಲಿ ಅಲ್ಲಾಡಿಸ್ಯಾಳ್ರಿ.”

“ತಲಿ ಅಲ್ಲಾಡಿಸಿದ್ದು ನನಗ ಫೋನಿನ್ಯಾಗ ಹೆಂಗ ಕೇಳಬೇಕ್ರಿ?”

“ನನಗ ಕೇಳ್ತಲ್ರಿ,” ಎಂದಳು ಸಂಗವ್ವ. “ಹೂಂ ಅಂದಾಳ. ಜೋರಽ ಅಂದಾಳ.”