ತಿರುಗಿಸಿ ತೊಟ್ಟ ಅಂಗಿ

ತಾಮ್ರದ ಕಂಪನಿಯವರು ನಮ್ಮ ದೊಡ್ಡಮ್ಮನ ಫೋಟೋ ಬೇಕೆಂದು ಬಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಅವರ ಕಣ್ಣಿದ್ದದ್ದು ಗುಡ್ಡದ ಮೇಲೆ. ನಮ್ಮ ಹಿಮಸಾರಂಗಗಳು ಮರಿ ಹಾಕುವುದು ಅಲ್ಲಿಯೇ. ಅದನ್ನು ಅಗೆದರೆ ಹಿಂಡು ಉಳಿಯುವುದಿಲ್ಲ, ಹಿಂಡು ಹೋದರೆ ನಾರ್ವೆಯ ಉತ್ತರದ ಸಾಮಿ ಬುಡಕಟ್ಟಿನವರಾದ ನಮಗೆ ಇಲ್ಲಿ ಬದುಕಿಲ್ಲ. ಆದರೆ ಯುರೋಪಿನ ಹೊಸ ಕಾರುಗಳಿಗೆ ತಾಮ್ರ ಬೇಕು. ಬರ್ಲಿನ್ನಿನಲ್ಲಿ ಬಂಡವಾಳ ಹೂಡುವವರಿಗೆ ಊರಿನವರು ಒಪ್ಪಿದ್ದಾರೆಂದು ತೋರಿಸುವ ಚಿತ್ರವೂ ಬೇಕು.

ಕಂಪನಿಯ ಟೊರುನ್ ಓಸ್ಲೋದವಳು. ಅವಳ ನಾರ್ವೇಜಿಯನ್ ಮಾತನ್ನು ನಾನು ದೊಡ್ಡಮ್ಮನಿಗೆ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೆ. ದೊಡ್ಡಮ್ಮನಿಗೆ ಆ ಭಾಷೆ ಬರುವುದಿಲ್ಲವೆಂದಲ್ಲ. ಚಿಕ್ಕವಳಿದ್ದಾಗ ನಾರ್ವೆ ಸರ್ಕಾರದ ವಸತಿಶಾಲೆಯಲ್ಲಿ ಹೊಡೆದು ಕಲಿಸಿದ್ದಾರೆ, ಅದಕ್ಕೇ ಆಡುವುದಿಲ್ಲ. ಆ ಶಾಲೆ ಸೇರಿದ ದಿನವೇ ಅವಳ ತಾಯಿ ಹೊಲಿದ ಗಾಕ್ತಿಯನ್ನು, ಅಂದರೆ ನಮ್ಮ ನೀಲಿ ನಿಲುವಂಗಿಯನ್ನು, ಬಿಚ್ಚಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮತ್ತೆ ಕೊಡಲೇ ಇಲ್ಲ. ಈಗ ಅಂಥವರ ಮೊಮ್ಮಕ್ಕಳು ಬಂದು, ಗಾಕ್ತಿ ತೊಟ್ಟೇ ಬನ್ನಿ, ವಿದೇಶದ ಅತಿಥಿಗಳಿಗೆ ಬಹಳ ಇಷ್ಟ ಎನ್ನುತ್ತಿದ್ದರು.

ದೊಡ್ಡಮ್ಮ ಕಾಫಿ ಕುಡಿದು ಮುಗಿಸಿ, ಆಗಲಿ ಎಂದುಬಿಟ್ಟಳು.

"ನಿಂಗೆ ತಲೆ ಕೆಟ್ಟಿದ್ಯಾ ದೊಡ್ಡಮ್ಮ? ನಿನ್ನ ಮುಖ ತೋರ್ಸಿ ಗುಡ್ಡ ನುಂಗ್ತಾರೆ."

"ನಂಗೆ ಬುದ್ಧಿ ಹೇಳಕ್ಕೆ ಬರ್ಬೇಡ. ಕಾರು ತಗೊಂಡು ಬಾ, ಸಾಕು."

ಕಂಪನಿ ತನ್ನ ಅತಿಥಿಗಳನ್ನು ಸೇರಿಸಿದ್ದ ಹೋಟೆಲಿಗೆ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ಅವಳು ಮೇಲಂಗಿ ತೆಗೆದಾಗ ನೋಡಿದೆ. ಗಾಕ್ತಿಯ ಒಳಮೈ ಹೊರಗಿತ್ತು. ಹೊಲಿಗೆ, ಎಳೆ, ಕೆಂಪು ಪಟ್ಟಿಯ ಗಂಟುಗಳೆಲ್ಲ ಮೇಲೆ. ಟೊರುನ್‌ಗೆ ಗೊತ್ತಾಗಿಬಿಡುತ್ತದೆ ಎಂದುಕೊಂಡೆ. ಎಲ್ಲಿಯ ಗೊತ್ತಾಗುವುದು? ಅತಿಥಿಗಳು ಚಪ್ಪಾಳೆ ತಟ್ಟಿದರು, ಎಷ್ಟು ಸರಳ ಉಡುಗೆ ಎಂದು ಹೊಗಳಿದರು, ಪಕ್ಕ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಬಟ್ಟೆ ಬೇಕು, ಬಟ್ಟೆ ಏನು ಹೇಳುತ್ತದೆ ಎನ್ನುವುದು ಯಾರಿಗೂ ಬೇಡ.

ಆ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಬಂತು, ಮಂತ್ರಿಗಳ ಭಾಷಣದ ಹಿಂದೆಯೂ ಕಾಣಿಸಿತು. ಕೊನೆಗೆ, ಗಣಿಗೆ ಒಪ್ಪಿಗೆ ಕೊಡಬೇಕಿದ್ದ ನಮ್ಮ ಪುರಸಭೆಯ ಸಭೆಯಲ್ಲಿ, ಗೋಡೆಯ ಮೇಲೆ ಟೊರುನ್ ಅದನ್ನು ದೊಡ್ಡದಾಗಿ ಮೂಡಿಸಿದಳು. ಹಿಂಡು ಕಾಯುವವರ ಹಿರಿಯ ಅಜ್ಜಿಯೇ ನಮ್ಮನ್ನು ಸ್ವಾಗತಿಸಿದ್ದಾರೆ ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ನಮ್ಮವರೆಲ್ಲ ನಕ್ಕರು. ಅಧ್ಯಕ್ಷೆ ಏನಾಯಿತೆಂದು ಕೇಳಿದಾಗ ನಾನು ಎದ್ದು ನಿಂತೆ.

"ಗಾಕ್ತೀನ ತಿರುಗ್ಸಿ ಹಾಕ್ಕೊಂಡ್ರೆ, ನೀವು ಮಾಡ್ತಿರೋದನ್ನ ನಾವು ಒಪ್ಪಲ್ಲ ಅಂತ ಅರ್ಥ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಇವ್ರು ನಮ್ಮ ವಿರೋಧಾನ ಊರೂರಿಗೆ ಹಂಚಿದ್ದಾರೆ."

ಅಧ್ಯಕ್ಷೆ ಮತದಾನವನ್ನು ನಿಲ್ಲಿಸಿದಳು. ಗುಡ್ಡ ಉಳಿಯಿತೆಂದಲ್ಲ, ಅವತ್ತಿಗೆ ಉಳಿಯಿತು.

ನಾನೂ ದೊಡ್ಡಮ್ಮನೂ ಹೊರಗೆ ಬಂದಾಗ ಟೊರುನ್ ಓಡಿಬಂದಳು. ನಾಚಿಕೆಯಿಂದ ಅಲ್ಲ. ಅಜ್ಜಿ ಸರಿಯಾಗಿ ತೊಟ್ಟು ಇನ್ನೊಂದು ಫೋಟೋಗೆ ನಿಲ್ಲಬಹುದೇ ಎಂದು ನನ್ನನ್ನು ಕೇಳಿದಳು.

ದೊಡ್ಡಮ್ಮ ಅವಳ ಕಡೆ ತಿರುಗಿ ನಾರ್ವೇಜಿಯನ್ನಿನಲ್ಲಿ ಮಾತಾಡಿದಳು. ಅವಳ ಬಾಯಲ್ಲಿ ಆ ಭಾಷೆಯನ್ನು ನಾನು ಕೇಳಿದ್ದು ಅದೇ ಮೊದಲು.

"ಸರಿಯಾಗಿ ಹಾಕ್ಕೊಳ್ಳೋ ಅಂಗಿ ನಿಮ್ಮ ಶಾಲೆ ಬೀರುವಲ್ಲಿದೆ. ಮೊದ್ಲು ಅದನ್ನ ತಂದ್ಕೊಡಿ."