ಗೇಣುದ್ದದ ತುಂಡು

ನಾನೊಂದು ಪಿಕಪ್ ಗಾಡಿ. ಜನ ನೋಡುವುದು ನನ್ನ ಬಣ್ಣ, ನನ್ನ ಟಯರು. ನಾನು ನಿಂತಿರುವುದು ಮಾತ್ರ ಕೆಳಗಿನ ಎರಡು ಉದ್ದನೆಯ ಕಬ್ಬಿಣದ ತೊಲೆಗಳ ಮೇಲೆ. ಅದಕ್ಕೆ ಚಾಸಿ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಮೊದಲು ಹುಟ್ಟಿದ್ದು ಅದೇ. ನನ್ನ ಗುರುತಿನ ನಂಬರ್ ಕೊರೆದದ್ದೂ ಅದರ ಮೇಲೆಯೇ. ಎಂಜಿನ್ನು, ಬಾಗಿಲು, ತೊಟ್ಟಿ ಎಲ್ಲ ಆಮೇಲೆ ಬಂದು ಅದರ ಬೆನ್ನೇರಿದವು. ಒಂದೂ ಇಳಿಯಲಿಲ್ಲ.

ಮೊದಲ ಮಾಲೀಕ ತದಡಿ ಬಂದರಿನ ಪಾಂಡು ಹರಿಕಂತ್ರ. ಏಳು ವರ್ಷ ಅವನ ಮೀನು ಹೊತ್ತು ಘಟ್ಟ ಹತ್ತಿದೆ. ಮಂಜುಗಡ್ಡೆ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಚಾಸಿಗೆ ಇಳಿಯುತ್ತಿತ್ತು. "ಅಡಿಗೂ ಒಂಚೂರು ನೀರು ಹೊಡೀರಿ" ಎಂದು ಹೆಂಡತಿ ಹೇಳಿದರೆ, "ಅಡಿ ಎಲ್ಲ ಯಾರು ನೋಡ್ತಾರೆ ಮಾರಾಯ್ತಿ?" ಎನ್ನುತ್ತಿದ್ದ. ಉಪ್ಪು ನೋಡಿತು. ಸದ್ದಿಲ್ಲದೆ ತಿಂದಿತು.

ಆಮೇಲೆ ಹಳೆ ಗಾಡಿಗಳ ದಲ್ಲಾಳಿಯೊಬ್ಬ ನನ್ನನ್ನು ಕೊಂಡ. ಆ ಮಹಾನುಭಾವ ತುಕ್ಕಿನ ಮೇಲೆ ತಗಡು ಬಡಿದು, ಕರಿ ಬಣ್ಣ ಬಳಿದು, ಮೂತಿಗೆ ಚೆಂಡುಹೂವಿನ ಹಾರ ಹಾಕಿದ. ಒಳಗೆ ಕೊಳೆಯುತ್ತಿದ್ದವನಿಗೆ ಮೇಲೆ ಹೂವು! ಬಾಯಿ ಇದ್ದಿದ್ದರೆ ಅವನ ಮುಖಕ್ಕೇ ಉಗಿಯುತ್ತಿದ್ದೆ.

ಹಾರ ನೋಡಿ ಮರುಳಾದವನು ಹಾವೇರಿಯ ಫಕೀರಪ್ಪ. ಮದುವೆಗಳಿಗೆ ಪೆಂಡಾಲು ಹಾಕುವ ಬಡಪಾಯಿ. ಅವನಿಗಿದ್ದದ್ದು ನಾನೊಂದೇ ಗಾಡಿ. ನಾನು ನಿಂತರೆ ಅವನ ಕಸುಬೂ ನಿಂತಂತೆ.

ಎಲ್ಲ ಸೇರಿ ಹತ್ತು ವರ್ಷ ದುಡಿದ ಮೇಲೆ ನನ್ನ ನಡು ಬಾಗಿತು. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಸರ್ಟಿಫಿಕೇಟಿಗೆ, ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಕೆಳಗೆ ಬಗ್ಗಿ ನೋಡಿದ.

"ಚಾಸಿ ನಂಬರ್ ಎಲ್ಲೈತಿ ಯಜಮಾನ?"

"ಅಲ್ಲೇ ಇರಬೇಕ್ರೀ ಸಾಹೇಬ್ರ."

"ಇರಬೇಕ್ರೀ ಅಂದ್ರ? ನಂಬರ್ ಇಲ್ಲದ್ದು ಕಳುವಿನ ಗಾಡಿ. ಹದಿನೈದು ದಿನದಾಗ ನಂಬರ್ ತೋರಸು, ಚಾಸಿ ಗಟ್ಟಿ ಮಾಡಸು. ಇಲ್ಲಂದ್ರ ಗುಜರಿಗೆ ಹಾಕು."

ಫಕೀರಪ್ಪ ನನ್ನನ್ನು ವೆಲ್ಡಿಂಗ್ ದಾವಲಸಾಬನ ಗ್ಯಾರೇಜಿಗೆ ತಂದ. ದಾವಲಸಾಬ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಕೆಂಪು ಪುಡಿ ಉದುರಿತು.

"ಇದು ಚಾಸಿ ಅಲ್ಲೋ ಮಾರಾಯ, ಹಪ್ಪಳ! ನಿನ್ನ ನಂಬರ್ ಈ ತಗಡಿನ ಅಡಿಗೆ ಸಿಕ್ಕೊಂಡೈತಿ. ಕೊಯ್ದು ಒಗದ್ರ ನಂಬರ್ ಹೋಗತೈತಿ, ಬಿಟ್ರ ಗಾಡಿ ಹೋಗತೈತಿ. ಬ್ಯಾರೆ ತುಂಡಿನ ಮ್ಯಾಲ ಅದ ನಂಬರ್ ಬಡದು ಕೊಡೋರು ಅದಾರ. ಹೇಳಲೇನು?"

"ಬ್ಯಾಡ ದಾವಲಣ್ಣ. ಲಗ್ನದ ಮನಿಗೆ ಸಾಮಾನು ಒಯ್ಯೋ ಗಾಡಿ. ಕಳ್ಳ ನಂಬರ್ ಹಾಕ್ಕೊಂಡು ಹೆಂಗ ಹೋಗಲಿ?"

ದಾವಲಸಾಬ ನಿಟ್ಟುಸಿರು ಬಿಟ್ಟು ಗ್ಯಾಸ್ ಕಟರ್ ಬದಿಗಿಟ್ಟ. ಬೆಂಕಿ ಹಿಡಿದರೆ ಅಕ್ಷರ ಕರಗುತ್ತದೆಂದು ಗರಗಸದಿಂದ, ಉಳಿಯಿಂದ ಎರಡು ದಿನ ಬೆನ್ನ ಮೇಲೆ ಮಲಗಿ ಆ ತಗಡು ಬಿಡಿಸಿದ. ಸೀಮೆಎಣ್ಣೆ ಹಚ್ಚಿ ಉಜ್ಜಿದ. ಫಕೀರಪ್ಪ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದ. ಒಂದೊಂದಾಗಿ ಅಕ್ಷರ ಎದ್ದವು. ಕೊನೆಯದೂ ಮೂಡಿತು.

ಆಮೇಲೆ ನಂಬರಿದ್ದ ಗೇಣುದ್ದದ ತುಂಡೊಂದನ್ನು ಉಳಿಸಿ, ಹಿಂದೆ ಮುಂದೆ ಕೊಳೆತದ್ದನ್ನೆಲ್ಲ ಕೊಯ್ದರು. ಹೊಸ ಕಬ್ಬಿಣ ಜೋಡಿಸಿ, ಉಳಿದ ತುಂಡನ್ನು ಅದರ ಪಕ್ಕೆಗೆ ಬೆಸೆದರು. ಇನ್‌ಸ್ಪೆಕ್ಟರ್ ಮತ್ತೆ ಬಗ್ಗಿದ. ನಂಬರ್ ತಾಳೆ ನೋಡಿದ, ಬೆಸುಗೆ ತಟ್ಟಿದ. "ಹೂಂ, ಇದು ಅದ ಗಾಡಿ" ಎಂದು ಸಹಿ ಹಾಕಿದ.

ಇದ್ಯಾವ ನ್ಯಾಯವೋ ನನಗೆ ತಿಳಿಯದು. ಆ ತುಂಡು ಈಗ ಪೆಂಡಾಲಿನ ಒಂದು ಕೋಲಿನ ಭಾರವನ್ನೂ ಹೊರುವುದಿಲ್ಲ, ಆದರೆ ಸರ್ಕಾರಕ್ಕೆ ಅದೇ ನಾನು. ಭಾರವೆಲ್ಲ ಹೊರುವ ಕಬ್ಬಿಣ ಯಾರೆಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವ ಶಕ್ತಿ ನನಗಿಲ್ಲ ಬಿಡಿ. ದಣಿದಿದ್ದೇನೆ.

ಬೆಸುಗೆ ಬಿಟ್ಟೀತೆಂದು ಈಗ ಫಕೀರಪ್ಪ ಅರ್ಧ ಸಾಮಾನಷ್ಟೇ ಹೇರಿ ಮೆಲ್ಲಗೆ ಓಡಿಸುತ್ತಾನೆ. ಮೊನ್ನೆ ಮದುವೆ ಮನೆಯಲ್ಲಿ ಬೀಗರೊಬ್ಬರು ಛೇಡಿಸಿದರು: "ಏನ್ ಫಕೀರಪ್ಪ, ಬಸುರಿ ಹೆಂಡ್ತಿನ ಕರಕೊಂಡು ಬಂದಂಗ ಬಂದೀಯಲ್ಲ!"

"ಎರಡ ಸಲ ಬರತೀನ್ರೀ. ಊಟಾನೂ ಎರಡ ಸಲ ಹಾಕ್ರಿ."

ಕೋಲುಗಳನ್ನು ಇಳಿಸಿ, ಅವನು ಬಂದು ಕೀಲಿ ತಿರುವಿದ. ನಾನು ಕೆಮ್ಮಿದೆ. ಅವನು ಬೈಯಲಿಲ್ಲ, ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕಾದ. ಹೊರಟೆ.