ರೇವವ್ವ ಕಟ್ಟಿದ ಗುಳಿಗೆ

ಅಣ್ಣಿಗೇರಿಯ ಸುತ್ತಲಿನ ಹತ್ತೂರಲ್ಲಿ ಅಫೀಮು ಬಿಡಿಸುವ ಡಾಕ್ಟರೆಂದರೆ ಮಡಿವಾಳೆಪ್ಪನವರೊಬ್ಬರೇ. ಅವರು ಕೊಡುವ ಮದ್ದೂ ಅಫೀಮೇ ಎಂದು ಜನ ನಗುತ್ತಿದ್ದರು. ನಗಲಿ ಬಿಡಿ. ಕಡಲೆ ಕಾಳಿನಷ್ಟು ತಿನ್ನುವವನಿಗೆ ಅಷ್ಟನ್ನೇ ಬೆಲ್ಲದಲ್ಲಿ ಕಲಸಿ ಗುಳಿಗೆ ಕಟ್ಟುವುದು, ಆಮೇಲೆ ಹದಿನೈದು ದಿನಕ್ಕೊಮ್ಮೆ ಅಫೀಮು ಇಳಿಸಿ ಬೆಲ್ಲ ಏರಿಸುವುದು ಅವರ ಪದ್ಧತಿ. ಕಡಲೆಯಿಂದ ಜೋಳಕ್ಕೆ, ಜೋಳದಿಂದ ಸಾಸಿವೆಗೆ ಇಳಿಸುವವರೆಗೆ ಎಲ್ಲ ಸರಿ. ಸಾಸಿವೆಯಿಂದ ಸೊನ್ನೆಗೆ ಇಳಿಸುವಾಗ ಮಾತ್ರ ಡಾಕ್ಟರು ಹಿಂಜರಿಯುತ್ತಿದ್ದರು. ಇನ್ನೊಂದು ಹದಿನೈದು ದಿನ ಹೋಗಲಿ ಎನ್ನುತ್ತಿದ್ದರು.

ಅದಕ್ಕೆ ಕಾರಣ ಯರಗುಪ್ಪಿಯ ಕರಿಸಿದ್ದಪ್ಪ. ಹತ್ತು ವರ್ಷದ ಹಿಂದೆ, ಹೊಸ ಹುರುಪಿನಲ್ಲಿ ಡಾಕ್ಟರು ಅವನ ಅಫೀಮನ್ನು ಒಂದೇ ದಿನಕ್ಕೆ ನಿಲ್ಲಿಸಿದ್ದರು. ಮೂರು ವಾರ ಹೇಗೋ ಹಲ್ಲು ಕಚ್ಚಿಕೊಂಡಿದ್ದವನು ಕಡೆಗೆ ತಡೆಯಲಾರದೆ ಹಳೆಯ ಅಳತೆಯಲ್ಲೇ ನುಂಗಿದ. ರೂಢಿ ತಪ್ಪಿದ ಮೈ ಅದನ್ನು ತಾಳಲಿಲ್ಲ. ಮಲಗಿದವನು ಏಳಲಿಲ್ಲ. ಆ ಹೆಸರನ್ನು ಡಾಕ್ಟರು ಮತ್ತೆ ಯಾರೆದುರೂ ಎತ್ತಿರಲಿಲ್ಲ.

ಎಂಬತ್ತೇಳನೇ ಇಸವಿಯ ಒಂದು ಬೆಳಿಗ್ಗೆ ಶಲವಡಿಯಿಂದ ರೇವವ್ವ ಖಾಲಿ ಡಬ್ಬಿ ಹಿಡಿದು ಬಂದಳು. ಅವಳ ಗಂಡ ಅಂದಾನೆಪ್ಪ ಚಕ್ಕಡಿ ಗಾಡಿಯಿಂದ ಬಿದ್ದು ನಡುನೋವಿಗೆಂದು ಹಿಡಿದ ಅಫೀಮನ್ನು ಇಪ್ಪತ್ತು ವರ್ಷ ತಿಂದವನು. ನಾಲ್ಕು ತಿಂಗಳಿಂದ ಸಾಸಿವೆಯ ಅಳತೆಯಲ್ಲೇ ನಿಂತಿದ್ದ.

"ಡಾಕ್ಟರ್ರ, ನನ್ನಿಂದ ತಪ್ಪಾಗೇತ್ರಿ," ಎಂದಳು ರೇವವ್ವ. "ಹೋದ ಸಲ ಗುಳಿಗಿ ಒಯ್ದೆನಲ್ರಿ, ಅವತ್ತ ಎತ್ತಿಗೆ ಭೇದಿ ಹತ್ತಿ ನೆಲಾ ಹಿಡೀತು. ನಮ್ಮತ್ತಿ ಇಂಥಾ ಹೊತ್ತಿನ್ಯಾಗ ಎತ್ತಿಗೆ ಅಪೀಮ ಹಾಕತಿದ್ಲು. ಡಬ್ಬಿ ಗುಳಿಗಿ ಅಷ್ಟೂ ಹಿಟ್ಟಿನಾಗ ಕಲಿಸಿ ತಿನಿಸಿಬಿಟ್ಟೆ."

"ಮತ್ತ ಅಂದಾನೆಪ್ಪ ಕಾಕಾಗ ಏನ್ ಕೊಟ್ಟಿ?"

"ಬೆಲ್ಲ, ಹುಣಸಿಹಣ್ಣು, ಚೂರು ಬೇವಿನ ತಪ್ಪಲಾ ಅರದು ನಾನ ಕಟ್ಟಿದ್ನಿರಿ. ಹದಿಮೂರು ದಿನಾ ಆತು. ಮದಲ ನಾಕ ದಿನಾ ಮೂಗು ಸೋರಿತು, ನಿದ್ದಿ ಇಲ್ಲ, ಬರೇ ಆಕಳಿಕಿ. ನೆಗಡಿ ಅಂದ್ರು. ಅವರಿಗೆ ಏನೂ ಹೇಳಿಲ್ರಿ."

ಡಾಕ್ಟರಿಗೆ ಕರಿಸಿದ್ದಪ್ಪ ನೆನಪಾದ. ಅಂದಾನೆಪ್ಪ ಎಲ್ಲಾದರೂ ಹೋಗಿ ಹಳೆಯ ಅಳತೆ ನುಂಗಿಬಿಟ್ಟರೆ? ರೇವವ್ವನನ್ನು ಸ್ಕೂಟರಿನ ಹಿಂದೆ ಕೂಡ್ರಿಸಿಕೊಂಡು ಶಲವಡಿಗೆ ಓಡಿಸಿದರು. ಹುಟ್ಟಿದಾಗಿನಿಂದ ಸ್ಕೂಟರ್ ಹತ್ತದವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದಳು.

ಅಂದಾನೆಪ್ಪ ಅಂಗಳದಲ್ಲಿ ಚೇತರಿಸಿಕೊಂಡ ಎತ್ತಿನ ಮೈ ತಿಕ್ಕುತ್ತಿದ್ದ. ಡಾಕ್ಟರು ಅವನ ನಾಡಿ ಹಿಡಿದರು, ರೆಪ್ಪೆ ಎತ್ತಿ ಕಣ್ಣು ನೋಡಿದರು. ಎಲ್ಲ ನೆಟ್ಟಗಿತ್ತು. ಆಮೇಲೆ ಕಟ್ಟೆಯ ಮೇಲೆ ಕುಳಿತರು.

"ಕಾಕಾ, ಹದಿಮೂರು ದಿನದಿಂದ ನೀ ತಿಂದ ಗುಳಿಗ್ಯಾಗ ಅಪೀಮ ಇಲ್ಲ."

"ಗೊತ್ತೈತ್ರಿ," ಎಂದ ಅಂದಾನೆಪ್ಪ, ಕೈ ನಿಲ್ಲಿಸದೆ. "ಇಪ್ಪತ್ತ ವರ್ಷ ತಿಂದ ನಾಲಿಗಿಗೆ ಅಪೀಮ ಯಾವುದು, ಬೇವು ಯಾವುದು ತಿಳಿಯೂದಿಲ್ಲೇನ್ರಿ?"

ರೇವವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗೊತ್ತಿದ್ದೂ ಸುಮ್ನಿದ್ದೆಲ್ಲ ಮತ್ತ?" ಎಂದರು ಡಾಕ್ಟರು.

"ನೀವ ನಿಲ್ಲಿಸೀರಿ ಅಂತ ತಿಳದಿದ್ನಿರಿ. ನಾಕ ತಿಂಗಳಿಂದ ನೀವ ಅಂಜತಿದ್ರಿ, ನಾನೂ ಅಂಜತಿದ್ದೆ. ಡಾಕ್ಟರ್ರು ಕಡೀಕ ಧೈರ್ಯಾ ಮಾಡಿದ್ರು, ಇನ್ನ ಮಾಡೂದು ನಂದು ಅಂತ ಬಾಯಿ ಮುಚಗೊಂಡು ತಡಕೊಂಡೆ."

ಡಾಕ್ಟರು ಮಾಡದ ಧೈರ್ಯವನ್ನು ನಂಬಿ ಈ ಮನುಷ್ಯ ಪಾರಾಗಿದ್ದ. ಹತ್ತು ವರ್ಷ ಡಾಕ್ಟರ ಎದೆಯ ಮೇಲೆ ಕುಳಿತಿದ್ದ ಭಾರ ಸ್ವಲ್ಪ ಸರಿಯಿತು. ಉಳಿದದ್ದನ್ನು ಬಾಯಿಬಿಟ್ಟೇ ಹೇಳಿದರು.

"ಯಾರರ ಹಳೇ ಅಳತಿ ಕೊಟ್ರ ಮುಟ್ಟಬ್ಯಾಡ ಕಾಕಾ, ಜೀವಾ ಹೋಗತೈತಿ. ಯರಗುಪ್ಪಿ ಕರಿಸಿದ್ದಪ್ಪ ಹಂಗ ಹೋದ. ನಾನ ಅವಸರಾ ಮಾಡಿದ್ದೆ."

"ಇಲ್ರಿ. ಮುಟ್ಟೂದಿಲ್ಲ," ಎಂದು ಅಂದಾನೆಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟ.

ರೇವವ್ವ ಇನ್ನೂ ಡಬ್ಬಿ ಹಿಡಿದೇ ನಿಂತಿದ್ದಳು. "ಇದರಾಗ ಏನ್ ಹಾಕ್ಲಿರಿ ಈಗ?"

"ಸಾಸಿವಿ ಹಾಕಿಡಬೇ ಯವ್ವಾ," ಎಂದರು ಡಾಕ್ಟರು ಕಣ್ಣೊರೆಸಿಕೊಂಡು. "ಒಗ್ಗರಣಿಗೆ ಬರತೈತಿ."